ಇಪ್ಪತ್ತು ಡಾಲರ್ ನೋಟಿನ ಹೆಣ್ಣುಮಗಳು

ವಿಮಾನ ಇನ್ನೇನು ಸಿಡ್ನಿ ಮುಟ್ಟುತ್ತದೆ ಎನ್ನುವಾಗ ಒಂದು ಚೀಟಿ ಕೊಟ್ಟು ತುಂಬಲು ಹೇಳಿದರು. ತಿನಿಸು ತಂದಿದ್ದೀರಾ, ಬೀಜ ತಂದಿದ್ದೀರಾ, ಕ್ಷಯ ಇದೆಯಾ ಎಂಬ ಪ್ರಶ್ನೆಗಳ ಜೊತೆಗೆ ಇನ್ನೊಂದು: ಯಾವುದಾದರೂ ಅಪರಾಧಕ್ಕೆ ನಿಮಗೆ ಶಿಕ್ಷೆ ಆಗಿದೆಯಾ? ಇಲ್ಲ ಎಂದು ಗುರುತು ಹಾಕಿದೆ. ಚಟ್ನಿಪುಡಿ, ಶೇಂಗಾ ಹೋಳಿಗೆಯ ಸಾಲಿಗೆ ಬಂದಾಗ ಮಾತ್ರ ಪೆನ್ನು ಸ್ವಲ್ಪ ತಡೆಯಿತು. ಕೊನೆಗೆ ಅದಕ್ಕೆ ಹೌದು ಎಂದೇ ಬರೆದೆ.

ಕಾರಿನಲ್ಲಿ ಇದನ್ನು ಹೇಳಿದರೆ ಅಳಿಯ ನಕ್ಕ. "ಅತ್ತೀ, ಮೊದಲ ಈ ದೇಶಕ್ಕ ಬರಬೇಕಂದ್ರ ಶಿಕ್ಷಾ ಆಗಿರಲೇಬೇಕಿತ್ತು. ಈಗ ಆಗಿರಬಾರದು." ಇಲ್ಲಿ ಎಲ್ಲರೂ ಹೇಳುವ ಹಳೇ ಜೋಕಂತೆ ಅದು.

ಮರುದಿನ ಮಗಳು ಕೈಖರ್ಚಿಗೆಂದು ಒಂದಿಷ್ಟು ನೋಟು ಕೊಟ್ಟಳು. ನಾನು ಧಾರವಾಡದಲ್ಲಿ ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು. ನೋಟು ಕೈಗೆ ಬಂದರೆ ಮೊದಲು ಮುಖಗಳನ್ನೆಲ್ಲ ಒಂದೇ ಕಡೆ ಮಾಡುವುದು, ಆಮೇಲೆ ಎಣಿಸುವುದು. ಇವು ಪಾಲಿಮರ್ ನೋಟು, ಸ್ಪಂಜಿಗೆ ಒತ್ತಿದ ಬೆರಳಿನ ಅಭ್ಯಾಸಕ್ಕೆ ಜಾರುತ್ತವೆ. ಕೆಂಪು ಇಪ್ಪತ್ತರ ನೋಟಿನ ಮೇಲೆ ಬಾನೆಟ್ ಟೋಪಿ, ದುಂಡು ಕನ್ನಡಕ ತೊಟ್ಟ ಒಬ್ಬ ಮುದುಕಿ. ನಮ್ಮ ಓಣಿಯಲ್ಲಿ ಚೀಟಿ ನಡೆಸುತ್ತಿದ್ದ ಹೆಂಗಸಿನ ಮುಖದ ಹಾಗೇ ಇತ್ತು. ದಯೆ ಇದೆ, ಆದರೆ ಬಾಕಿ ಬಿಡುವವಳಲ್ಲ.

"ಈಕಿ ಯಾರು?"

"ಮೇರಿ ರೀಬಿ ಅಂತ ಅವ್ವಾ. ಕುದುರಿ ಕದ್ದು ಇಲ್ಲಿಗೆ ಬಂದಾಕಿ."

ನಾನು ನೋಟನ್ನು ಬೆಳಕಿಗೆ ಹಿಡಿದೆ. ನಮ್ಮ ಕೌಂಟರಿನ ಮೇಲೆ ಕಳ್ಳನೋಟು ಬಂದಿದ್ದುಂಟು, ನೋಟಿನ ಮೇಲೇ ಕಳ್ಳಿ ಬಂದಿದ್ದಿಲ್ಲ. ಆಪೆರಾ ಹೌಸ್, ಬ್ಲೂ ಮೌಂಟನ್ಸ್ ಎಂದು ಮಗಳು ಹಾಕಿಟ್ಟಿದ್ದ ಪಟ್ಟಿ ಅಲ್ಲಿಗೆ ಬದಲಾಯಿತು.

ಮೊದಲ ದಿನ

ಮಗಳ ಮನೆ ಇರುವುದು ಟೂಂಗ್ಯಾಬಿಯಲ್ಲಿ. ಸಂಜೆ ವಾಕಿಂಗಿಗೆ ಹೋದರೆ ತೆಲುಗು, ತಮಿಳು, ಗುಜರಾತಿ ಎಲ್ಲವೂ ಕಿವಿಗೆ ಬೀಳುತ್ತವೆ. 1791ರಿಂದ ಕೆಲ ಕಾಲ ಇದು ಕೈದಿಗಳನ್ನು ದುಡಿಸುತ್ತಿದ್ದ ಸರ್ಕಾರಿ ಹೊಲವಾಗಿತ್ತು. ಅಲ್ಲಿಂದ ರೈಲು ಹಿಡಿದು ಸಿಡ್ನಿ ಬಂದರಿನ ದಂಡೆಯ ಸರ್ಕ್ಯುಲರ್ ಕೀಗೆ ಬಂದೆವು. ಪ್ರವಾಸಿಗರೆಲ್ಲ ಎಡಬಲಕ್ಕೆ, ಸೇತುವೆಗೆ, ಆಪೆರಾ ಹೌಸಿಗೆ ಹೋದರೆ, ನಾವು ನೀರಿಗೆ ಬೆನ್ನು ಹಾಕಿ ಎರಡು ಹೆಜ್ಜೆ ಒಳಗೆ ನಡೆದೆವು.

ಮೆಕ್ವಾರಿ ಪ್ಲೇಸ್ ಎಂಬುದು ದೊಡ್ಡ ಕಟ್ಟಡಗಳ ನಡುವೆ ಉಳಿದ ಮೂರು ಮೂಲೆಯ ಪುಟ್ಟ ಉದ್ಯಾನ. ಅದರಲ್ಲಿ 1818ರ ಒಂದು ಕಲ್ಲಿನ ಕಂಬವಿದೆ, ಆಗ ಊರೂರಿಗೆ ಹೋಗುವ ರಸ್ತೆಗಳ ಮೈಲಿ ಎಣಿಸುತ್ತಿದ್ದುದು ಇಲ್ಲಿಂದಲೇ. ಪಕ್ಕದಲ್ಲಿ ಸಿರಿಯಸ್ ಹಡಗಿನ ಲಂಗರು. 1788ರಲ್ಲಿ ಮೊದಲ ಕೈದಿಗಳನ್ನು ತಂದ ಹನ್ನೊಂದು ಹಡಗುಗಳ ತಂಡದ ಮುಂದಾಳು ಅದು. ಅಮೆರಿಕ ಕೈತಪ್ಪಿದ ಮೇಲೆ ಇಂಗ್ಲೆಂಡಿಗೆ ಕೈದಿಗಳನ್ನು ಸಾಗಹಾಕಲು ಜಾಗ ಇರಲಿಲ್ಲ. ಜೈಲು ತುಂಬಿದವು, ನದಿಯಲ್ಲಿ ನಿಲ್ಲಿಸಿದ ಹಳೇ ಹಡಗುಗಳೂ ತುಂಬಿದವು. ಆಗ ಕಣ್ಣಿಗೆ ಬಿದ್ದದ್ದು ಈ ದಂಡೆ. ನಮ್ಮ ಕಡೆ ಅಂಡಮಾನ್ ಎಂದರೆ ಕರಿನೀರು. ಈ ಜನಕ್ಕೆ ಇಲ್ಲಿಯ ನೀಲಿ ನೀರೇ ಕರಿನೀರಾಗಿತ್ತು.

ಮೇರಿ ಹುಟ್ಟಿದ್ದು 1777ರಲ್ಲಿ, ಲ್ಯಾಂಕಷೈರಿನ ಬರಿ ಎಂಬ ಊರಲ್ಲಿ. ಹದಿಮೂರೋ ಹದಿನಾಲ್ಕೋ ವಯಸ್ಸಿನಲ್ಲಿ ಗಂಡುಡುಗೆ ತೊಟ್ಟು, ಜೇಮ್ಸ್ ಬರೋ ಎಂದು ಹೆಸರು ಹೇಳಿಕೊಂಡು ತಿರುಗುತ್ತಿದ್ದಾಗ ಕುದುರೆ ಕದ್ದ ಆರೋಪದಲ್ಲಿ ಸಿಕ್ಕಿಬಿದ್ದಳು. ಸ್ಟಾಫರ್ಡ್‌ನ ವಿಚಾರಣೆ ಹೊತ್ತಿಗೆ ಹುಡುಗ ಅಲ್ಲ ಹುಡುಗಿ ಎಂಬುದು ಬಯಲಾಯಿತು. ಏಳು ವರ್ಷ ಗಡೀಪಾರು. ರಾಯಲ್ ಅಡ್ಮಿರಲ್ ಹಡಗು 1792ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಮುಟ್ಟಿದಾಗ, ಇನ್ನೂ ಇಳಿಯುವ ಮೊದಲೇ ಊರಿನ ಚಿಕ್ಕಮ್ಮನಿಗೆ ಒಂದು ಪತ್ರ ಬರೆದಳು. ಎರಡು ಮೂರು ವರ್ಷದಲ್ಲಿ ಹೇಗಾದರೂ ಇಲ್ಲಿಂದ ಪಾರಾಗಲು ನೋಡುತ್ತೇನೆ, ಅಲ್ಲಿತನಕ ಇದ್ದುದರಲ್ಲಿ ಸುಖವಾಗಿರಲು ನೋಡುತ್ತೇನೆ ಎಂದು. ಹಾಸ್ಟೆಲಿಗೆ ಬಿಟ್ಟುಬಂದ ಮಗು ಬರೆಯುವಂಥ ಮಾತು. ಆ ಕಾಗದ ಇಲ್ಲಿಯ ಸ್ಟೇಟ್ ಲೈಬ್ರರಿಯಲ್ಲಿದೆ.

ಹದಿನೇಳಕ್ಕೆ ಮದುವೆ. ಗಂಡ ಥಾಮಸ್ ರೀಬಿ, ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ಐರಿಷ್ ಹುಡುಗ. ದವಸ, ಕಲ್ಲಿದ್ದಲು, ಸೀಲ್ ಚರ್ಮ ಎಂದು ವ್ಯಾಪಾರ ಬೆಳೆಸಿ ಇಲ್ಲೇ ಮನೆ ಕಟ್ಟಿದ. ಅದಕ್ಕೆ ಇಟ್ಟ ಹೆಸರು ಎಂಟಾಲಿ ಹೌಸ್. ಎಂಟಾಲಿ ನಮ್ಮ ಕಲ್ಕತ್ತೆಯ ಒಂದು ಬಡಾವಣೆ! 1811ರಲ್ಲಿ ಭಾರತದ ಕಡೆಯ ಪ್ರವಾಸ ಮುಗಿಸಿ ಬಂದವನು ಕಾಯಿಲೆ ಬಿದ್ದು ಹೋಗಿಬಿಟ್ಟ. ಅದೇ ವರ್ಷ ವ್ಯಾಪಾರದ ಪಾಲುದಾರನೂ ಹೋದ. ಏಳು ಮಕ್ಕಳು, ಹಡಗು, ಗೋದಾಮು, ಬರಬೇಕಾದ ಬಾಕಿ ಎಲ್ಲ ಮೂವತ್ನಾಲ್ಕು ವರ್ಷದ ಈಕೆಯ ತಲೆಗೆ ಬಂತು. ಎಲ್ಲವನ್ನೂ ನಡೆಸಿದಳು, ಇನ್ನಷ್ಟು ಗಳಿಸಿದಳು. 1817ರಲ್ಲಿ ಸಾಲ ಉಳಿಸಿಕೊಂಡಿದ್ದ ಒಬ್ಬನ ಮೇಲೆ ಕೈ ಮಾಡಿದ್ದಕ್ಕೆ ಕೋರ್ಟು ಈಕೆಯನ್ನು ತಪ್ಪಿತಸ್ಥೆ ಎಂದಿತು. ಸಾಲ ವಸೂಲಿಗೆ ತಿರುಗಿ ಚಪ್ಪಲಿ ಸವೆಸಿದವರಿಗೆ ಈ ವಿಷಯ ಓದಿದಾಗ ಆಗುವ ಸಂತೋಷ ಬೇರೆಯವರಿಗೆ ಆಗಲಾರದು.

ಅದೇ 1817ರ ಏಪ್ರಿಲ್ 8ರಂದು ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಬಾಗಿಲು ತೆರೆಯಿತು. ಈ ದೇಶದ ಮೊದಲ ಬ್ಯಾಂಕು, ಈಗಿನ ವೆಸ್ಟ್‌ಪ್ಯಾಕ್. ತೆರೆದದ್ದು ಮೆಕ್ವಾರಿ ಪ್ಲೇಸಿನಲ್ಲಿ ಮೇರಿ ಬಾಡಿಗೆಗೆ ಕೊಟ್ಟ ಮನೆಯಲ್ಲಿ. ಆ ಮನೆ ಈಗಿಲ್ಲ. ಪಕ್ಕದ ಒಂದು ಸಂದಿಗೆ ಮಾತ್ರ ಆಕೆಯ ಹೆಸರಿದೆ, ರೀಬಿ ಪ್ಲೇಸ್ ಎಂದು. ಅಲ್ಲೇ ಹತ್ತಿರ ಕಾಫಿಗೆ ಹೋದೆವು. ನಾನು ಹೆಮ್ಮೆಯಿಂದ ಇಪ್ಪತ್ತರ ನೋಟು ಮುಂದೆ ಮಾಡಿದರೆ, ಕೌಂಟರಿನ ಹುಡುಗಿ ಕ್ಷಮಿಸಿ, ಕ್ಯಾಶ್ ತಗೊಳ್ಳಲ್ಲ, ಕಾರ್ಡ್ ಮಾತ್ರ ಎಂದಳು. ಆಕೆಯ ಓಣಿಯಲ್ಲಿಯೇ ಆಕೆಯ ಮುಖ ನಡೆಯಲಿಲ್ಲ.

ಎರಡನೇ ದಿನ

ಹೈಡ್ ಪಾರ್ಕ್ ಬ್ಯಾರಕ್ಸ್. 1819ರಲ್ಲಿ ಗಂಡು ಕೈದಿಗಳಿಗೆಂದು ಕಟ್ಟಿ ಮುಗಿಸಿದ್ದು. ತೂಗುಮಂಚಗಳ ಸಾಲು ನೋಡಿ ಮೊಮ್ಮಗಳು ಹತ್ತಿ ಮಲಗಿಬಿಟ್ಟಳು, ಎಬ್ಬಿಸುವುದೇ ಕೆಲಸವಾಯಿತು. ನನಗೆ ನೆನಪಿನಲ್ಲಿ ಉಳಿದದ್ದು ಇಲಿಗಳು. ಕೈದಿಗಳು ಹೋದ ಮೇಲೆ ಇಲ್ಲಿ ವಲಸೆ ಬಂದ ಹುಡುಗಿಯರೂ ದಿಕ್ಕಿಲ್ಲದ ಮುದುಕಿಯರೂ 1886ರ ತನಕ ಇದ್ದರು. ಅವರ ಬಟ್ಟೆಚೂರು, ನೂಲು, ಕಾಗದ ಎಲ್ಲವನ್ನೂ ಇಲಿಗಳು ಎಳೆದೊಯ್ದು ನೆಲದ ಹಲಗೆಯಡಿ ಗೂಡು ಕಟ್ಟಿಕೊಂಡವು. ಗಾಳಿ ನೀರು ಸೋಕದೆ ಹಾಗೇ ಉಳಿದ ಆ ಚೂರುಗಳೇ ಇಂದು ಗಾಜಿನ ಪೆಟ್ಟಿಗೆಯೊಳಗಿವೆ. ಆ ಹೆಂಗಸರ ದಾಖಲೆಯನ್ನು ಇಲಿಗಳು ಇಟ್ಟಿದ್ದವು.

ಮೂರನೇ ದಿನ

ಪ್ಯಾರಮಟ್ಟಾಕ್ಕೆ ನದಿಯಲ್ಲೇ ಹೋಗೋಣ ಎಂದು ಹಟ ಹಿಡಿದವಳು ನಾನು. ಕೈದಿ ಹೆಂಗಸರು ಹೋದದ್ದೂ ಈ ನೀರಿನಲ್ಲೇ. ಆದರೆ ಅಂದು ನೀರು ಇಳಿದಿತ್ತು. ಫೆರಿ ರೈಡಲ್ಮಿಯರ್‌ನಲ್ಲೇ ನಿಂತಿತು, ಮುಂದಕ್ಕೆ ಬಸ್ಸು. ಮಗಳು ಏನೂ ಅನ್ನಲಿಲ್ಲ, ಅನ್ನದೆ ಇರುವುದನ್ನೇ ಚೆನ್ನಾಗಿ ಅಂದಳು.

ಅಲ್ಲಿಯ ಫೀಮೇಲ್ ಫ್ಯಾಕ್ಟರಿ ಎಂಬ ಹೆಸರು ಕೇಳಿ ನಾನು ಹೊಗೆಕೊಳವೆಯ ಕಟ್ಟಡ ನೆನೆಸಿಕೊಂಡಿದ್ದೆ. ಇದು ಜೈಲು, ಬಾಣಂತಿಕೋಣೆ, ನೂಲುವ ಮನೆ, ಕೆಲಸದಾಳು ಸಿಗುವ ಜಾಗ ಎಲ್ಲ ಒಂದರಲ್ಲೇ. ಬ್ಯಾರಕ್ಸ್ ಕಟ್ಟಿದ ಗ್ರೀನ್‌ವೇ ಎಂಬ ವಾಸ್ತುಶಿಲ್ಪಿಯೇ ಇದರದ್ದೂ ನಕ್ಷೆ ಹಾಕಿದ್ದು. ಅವನೂ ಕೈದಿಯಾಗಿ ಬಂದವನೇ, ದಾಖಲೆ ಖೋಟಾ ಮಾಡಿದ್ದಕ್ಕೆ. 1821ರಲ್ಲಿ ಇದು ತೆರೆಯಿತು. ಹೆಂಗಸರನ್ನು ಮೂರು ದರ್ಜೆ ಮಾಡಿದ್ದರು. ಮೊದಲ ದರ್ಜೆಯವರನ್ನು ಮನೆಗೆಲಸಕ್ಕೆ ಕಳಿಸಬಹುದು, ಅವರನ್ನು ಮದುವೆಯಾಗುತ್ತೇನೆಂದು ಬಂದ ಗಂಡಸು ಇಲ್ಲಿಂದ ಕರೆದೊಯ್ಯಬಹುದು. ಕಡೆಯ ದರ್ಜೆಯೆಂದರೆ ಶಿಕ್ಷೆ.

ಈಗ ಇದು ಹಳೆಯ ಆಸ್ಪತ್ರೆಯೊಂದರ ಆವರಣದೊಳಗೆ ಸೇರಿಹೋಗಿದೆ. ಮರಳುಗಲ್ಲಿನ ಗೋಡೆಗಳು, ಬೀಗ ಹಾಕಿದ ಬಾಗಿಲುಗಳು, ನದಿಯಂಚಿನ ಮರಗಳಲ್ಲಿ ತಲೆಕೆಳಗಾಗಿ ತೂಗುವ ನೂರಾರು ದೊಡ್ಡ ಬಾವಲಿಗಳು. ಹೆಂಗಸರು ಮಲಗುತ್ತಿದ್ದ ಮೂರಂತಸ್ತಿನ ಕಟ್ಟಡವನ್ನು ಕೆಡವಿ, ಅದರ ಕಲ್ಲು, ಗಡಿಯಾರಗಳನ್ನೇ ಪಕ್ಕದ ಕಟ್ಟಡಕ್ಕೆ ಬಳಸಿದ್ದಾರೆ. ತೋರಿಸಲು ಬಂದ ಬಿಳಿಗೂದಲಿನ ಹೆಂಗಸು ತನ್ನ ಅಜ್ಜಿಯ ಅಜ್ಜಿಯೂ ಇಲ್ಲಿದ್ದವಳು ಎಂದಳು. ನಮ್ಮವರು ಗೋತ್ರ ಹೇಳುವ ಗತ್ತಿನಲ್ಲಿ ಹೇಳಿದಳು. ಅವಳ ತಾಯಿಯ ಕಾಲದವರೆಗೂ ಮನೆಯಲ್ಲಿ ಈ ಸುದ್ದಿ ಎತ್ತುವ ಹಾಗಿರಲಿಲ್ಲವಂತೆ.

ಅವಳು ಹೇಳಿದ್ದರಲ್ಲಿ ಒಂದು ಪ್ರಸಂಗಕ್ಕೆ ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. 1827ರ ಅಕ್ಟೋಬರ್ 27. ರೊಟ್ಟಿ, ಸಕ್ಕರೆ ಕಡಿಮೆ ಮಾಡಿದ್ದರು. ಹೆಂಗಸರು ಗೇಟು ಮುರಿದು ಊರೊಳಗೆ ನುಗ್ಗಿದರು, ಕಂಡ ಅಂಗಡಿಯಲ್ಲಿ ರೊಟ್ಟಿ, ಮಾಂಸ ಎತ್ತಿಕೊಂಡರು. ಸೈನಿಕರು ಬಂದು ತಿರುಗಿ ಅಟ್ಟಿಕೊಂಡು ಹೋದಾಗ ಅವರ ಏಪ್ರನ್ ತುಂಬ ರೊಟ್ಟಿ, ಮಾಂಸ. ಉಡಿ ತುಂಬಿಕೊಂಡೇ ಒಳಗೆ ಹೋದರು ಎಂದೆ ಮಗಳಿಗೆ. ಅದನ್ನು ಇಂಗ್ಲಿಷಿನಲ್ಲಿ ಆ ಹೆಂಗಸಿಗೆ ಹೇಗೆ ದಾಟಿಸುವುದು? ತವರಿನಿಂದ ಹೊರಟ ಮಗಳ ಉಡಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕುವುದನ್ನು ಮಗಳು ಕೈ ಆಡಿಸಿ ವಿವರಿಸಿದಳು. ಅವಳು ಎಷ್ಟು ತಿಳಿದಳೋ, ತನ್ನ ಕೋಟಿನ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹೀಗಾ ಎಂದು ನಕ್ಕಳು.

ಊಟಕ್ಕೆ ಹತ್ತಿರದ ಹ್ಯಾರಿಸ್ ಪಾರ್ಕಿಗೆ ಹೋದೆವು. ವಿಗ್ರಮ್ ಸ್ಟ್ರೀಟಿನಲ್ಲಿ ನಿಂತರೆ ಹೈದರಾಬಾದೋ ಸಿಡ್ನಿಯೋ ಗೊತ್ತಾಗುವುದಿಲ್ಲ. ಮಸಾಲೆ ದೋಸೆಯ ಬೆಲೆಯನ್ನು ರೂಪಾಯಿಗೆ ತಿರುಗಿಸಬಾರದೆಂದು ಆಣೆ ಹಾಕಿದ್ದೆ, ತಿರುಗಿಸಿದೆ. ಅಲ್ಲಿ ಕ್ಯಾಶ್ ತೆಗೆದುಕೊಂಡರು.

ನಾಲ್ಕನೇ ದಿನ

ಮಳೆ. ಮೊಮ್ಮಗಳಿಗೆ ನೆಗಡಿ. ಊರಿನಿಂದ ತಂದ ಕೌದಿ ಹೊದ್ದು ಅವಳು ಮಲಗಿದರೆ, ನಾನು ಮಗಳ ಲ್ಯಾಪ್‌ಟಾಪ್ ಎಳೆದುಕೊಂಡೆ. ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನ ಹಳೆಯ ವಿಚಾರಣೆಗಳೆಲ್ಲ ಓದಲು ಸಿಗುತ್ತವೆ. 1789ರ ಜನವರಿಯಲ್ಲಿ ಮೇರಿ ವೇಡ್ ಎಂಬ ಹುಡುಗಿ, ಜೇನ್ ವೈಟಿಂಗ್ ಎಂಬ ಹದಿನಾಲ್ಕರ ಇನ್ನೊಬ್ಬಳು. ಎಂಟು ವರ್ಷದ ಮಗುವೊಂದರ ಮೈಮೇಲಿನ ಹತ್ತಿಯ ಫ್ರಾಕು, ಹೆಗಲ ಬಟ್ಟೆ, ಟೋಪಿ ಬಿಚ್ಚಿಕೊಂಡು ಹೋಗಿ ಫ್ರಾಕನ್ನು ಅಡವು ಇಟ್ಟಿದ್ದರು. ಮರಣದಂಡನೆ. ಎರಡು ತಿಂಗಳಿಗೆ ರಾಜ ಮೂರನೇ ಜಾರ್ಜನಿಗೆ ಕಾಯಿಲೆ ವಾಸಿಯಾಯಿತು, ಆ ಸಂತೋಷಕ್ಕೆ ಗಲ್ಲು ತಪ್ಪಿ ಗಡೀಪಾರಾಯಿತು. ಹಡಗಿನ ಹೆಸರು ಲೇಡಿ ಜೂಲಿಯಾನಾ, ಹೆಂಗಸರನ್ನಷ್ಟೇ ತುಂಬಿದ್ದ ಹಡಗು, ಹತ್ತು ತಿಂಗಳು ದಾಟಿದ ಪ್ರಯಾಣ. ಮೇರಿ ವೇಡ್ ಹನ್ನೊಂದು ವರ್ಷದವಳೆಂದು ಹೇಳುತ್ತಾರೆ. ಕೌದಿಯೊಳಗಿಂದ ಸೀನಿದವಳಿಗೆ ಈಗ ಹತ್ತು.

ಆ ಮೇರಿ 1859ರ ತನಕ ಬದುಕಿದಳು. ಸಾಯುವ ಹೊತ್ತಿಗೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಮುನ್ನೂರು ದಾಟಿದ್ದರು. ಪ್ರಧಾನಿಯಾಗಿದ್ದ ಕೆವಿನ್ ರಡ್ ಆಕೆಯ ವಂಶದವರು.

ದಾಖಲೆ ಓದುತ್ತಾ ಕ್ಯಾಶಿಯರಿಣಿಯ ಕಣ್ಣು ಒಂದು ಅಂಕಿಗೆ ಸಿಕ್ಕಿಕೊಂಡಿತು. 39 ಶಿಲಿಂಗ್. ಮತ್ತೆ ಮತ್ತೆ 39 ಶಿಲಿಂಗ್. ಮನೆಯೊಳಗಿಂದ ನಲವತ್ತು ಶಿಲಿಂಗ್, ಅಂದರೆ ಎರಡು ಪೌಂಡ್ ಬೆಲೆಯ ಮಾಲು ಕದ್ದರೆ ಗಲ್ಲು. ಹಾಗಾಗಿ ಮಾಲು ಎಷ್ಟೇ ಬೆಲೆಯದಿರಲಿ, ಕರುಣೆ ಬಂದ ಜ್ಯೂರಿಗಳು ಅದರ ಬೆಲೆಯನ್ನು ಮೂವತ್ತೊಂಬತ್ತಕ್ಕೆ ಇಳಿಸಿ ಬರೆಯುತ್ತಿದ್ದರು. ಕಣ್ಣೆದುರು ಬೆಳ್ಳಿ ಇಟ್ಟುಕೊಂಡು ತಗಡಿನ ಬೆಲೆ ಹಾಕುವುದು. ಲೆಕ್ಕ ತಪ್ಪು, ಅದೂ ಗೊತ್ತಿದ್ದೇ ಮಾಡಿದ ತಪ್ಪು. ಒಂದು ಶಿಲಿಂಗಿನಲ್ಲಿ ಒಂದು ಜೀವ ಹಡಗು ಹತ್ತುತ್ತಿತ್ತು.

ನನ್ನದೂ ಒಂದಿದೆ, ಹೇಳಿಬಿಡುತ್ತೇನೆ. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಸಂಜೆ ಕ್ಯಾಶ್ ಎರಡು ಸಾವಿರ ಶಾರ್ಟ್ ಬಂತು. ಪೆನ್ಶನ್ ಕೊಟ್ಟ ದಿನ, ಯಾರ ಕೈಗೋ ಹೆಚ್ಚು ಹೋಗಿತ್ತು. ಎಣಿಸಿದ್ದೇ ಎಣಿಸಿದ್ದು, ರಾತ್ರಿ ಎಂಟಾಯಿತು. ಹಿರಿಯರೊಬ್ಬರು ಹತ್ತಿರ ಬಂದು, "ಶಾರ್ಟ್ ಅಂತ ಬರೀಬ್ಯಾಡ್ರಿ. ಬರದ್ರ ಅದು ನಿಮ್ಮ ಹೆಸರಿನ ಮ್ಯಾಲೆ ಉಳೀತದ" ಎಂದು ತಮ್ಮ ಕಿಸೆಯಿಂದ ಎಂಟುನೂರು ತೆಗೆದಿಟ್ಟರು. ಉಳಿದದ್ದನ್ನು ನಾನು ಹಾಕಿದೆ. ಪುಸ್ತಕದಲ್ಲಿ ಆ ದಿನದ ಕ್ಯಾಶ್ ಸರಿಯಾಗಿದೆ. ವಿಮಾನದ ಚೀಟಿಯಲ್ಲಿ ಇಲ್ಲ ಎಂದು ಗುರುತು ಹಾಕುವಾಗ ಆ ಹಿರಿಯರ ಮುಖ ಯಾಕೆ ನೆನಪಾಯಿತೆಂದು ಈಗ ಹೊಳೆಯಿತು.

ಐದನೇ ದಿನ

ಟಾಸ್ಮೇನಿಯಾ ದ್ವೀಪದ ಹೋಬಾರ್ಟಿಗೆ ಎರಡು ತಾಸಿನ ವಿಮಾನ. ಮೊಮ್ಮಗಳ ನೆಗಡಿಯ ಕಾರಣ ಅಳಿಯ ಮನೆಯಲ್ಲುಳಿದ, ಬಂದವರು ನಾವು ತಾಯಿ ಮಗಳು. ಜುಲೈ ಅಲ್ಲಿ ನಡುಚಳಿಗಾಲ. ಧಾರವಾಡದ ಆಷಾಢದ ಥಂಡಿ ಗೊತ್ತು, ಇದು ಆ ಜಾತಿಯದಲ್ಲ. ಎಲುಬು ಕೇಳುತ್ತದೆ.

ಆಸ್ಟ್ರೇಲಿಯಾಕ್ಕೆ ಬಂದ ಸುಮಾರು 1,62,000 ಕೈದಿಗಳಲ್ಲಿ ಹೆಂಗಸರು 25,000ದಷ್ಟು. ಅವರಲ್ಲಿ ಅರ್ಧದಷ್ಟು ಜನ ಬಂದದ್ದು ಈ ದ್ವೀಪಕ್ಕೆ, ಆಗಿನ ವ್ಯಾನ್ ಡೀಮನ್ಸ್ ಲ್ಯಾಂಡಿಗೆ. ಹೆಚ್ಚಿನವರು ಮನೆಗೆಲಸದವರು, ಕದ್ದದ್ದು ಯಜಮಾನಿಯ ಶಾಲು, ಚಮಚ, ಅಂಗಡಿಯ ಬಟ್ಟೆ. ದಕ್ಕೆಯಲ್ಲಿ ಮೂವರು ಹೆಂಗಸರು, ಒಂದು ಮಗುವಿನ ಕಂಚಿನ ಪ್ರತಿಮೆಗಳಿವೆ. 2017ರಲ್ಲಿ ನಿಲ್ಲಿಸಿದ್ದು. ಪೀಠದ ಮೇಲಲ್ಲ, ನೆಲದ ಮೇಲೇ, ಈಗಷ್ಟೇ ಹಡಗಿನಿಂದಿಳಿದವರ ಹಾಗೆ. ಮಳೆಹನಿಯಿಂದ ಅವರ ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲಿ ಸೆಲ್ಫಿ ತೆಗೆದುಕೊಳ್ಳಲು ಮಗಳು ಫೋನ್ ಎತ್ತಿದವಳು ಯಾಕೋ ಇಳಿಸಿದಳು.

1841ರ ಜುಲೈ 19ರಂದು ಇಲ್ಲಿಗೆ ರಾಜಾ ಎಂಬ ಹಡಗು ಬಂತು. ಹೌದು, ನಮ್ಮ ರಾಜ ಪದವೇ. ಅದರಲ್ಲಿ 180 ಕೈದಿ ಹೆಂಗಸರು. ಲಂಡನ್ನಿನ ಜೈಲುಗಳಲ್ಲಿ ಹೆಂಗಸರ ಪರ ದುಡಿದ ಎಲಿಜಬೆತ್ ಫ್ರೈ ಅವರ ಮಹಿಳಾ ಸಮಿತಿ ಅವರಿಗೆ ಸೂಜಿ, ದಾರ, ಬಟ್ಟೆತುಂಡು ಕೊಟ್ಟು ಕಳಿಸಿತ್ತು. ದಾರಿಯುದ್ದಕ್ಕೂ ಹೊಲಿದು ಅವರು ಒಂದು ದೊಡ್ಡ ಕೌದಿ ಮಾಡಿದರು, 2,815 ತುಂಡುಗಳದ್ದು. ಅಂಚಿನಲ್ಲಿ ಸಮಿತಿಗೆ ಕೃತಜ್ಞತೆಯ ಮಾತನ್ನೂ ಹೊಲಿದಿದ್ದಾರೆ. ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿರುವ ಅದನ್ನು ನಾನು ಚಿತ್ರದಲ್ಲಷ್ಟೇ ನೋಡಿದೆ. ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ಹೊಲಿಗೆ ನೋಡಿದೆ. ಕೆಲವು ಕಡೆ ಪಳಗಿದ ಕೈ, ಕೆಲವು ಕಡೆ ಅದೇ ಮೊದಲು ಸೂಜಿ ಹಿಡಿದದ್ದು. ಸಣ್ಣ ಸಣ್ಣ ಕಂದು ಕಲೆಗಳು ಬೆರಳು ಚುಚ್ಚಿಕೊಂಡ ರಕ್ತ ಎನ್ನುತ್ತಾರೆ. ನಮ್ಮ ಅವ್ವ ಹೊಲಿಯುವಾಗ ಬೆರಳು ಚುಚ್ಚಿದರೆ ಬಾಯಿಗಿಟ್ಟುಕೊಂಡು, ಬಟ್ಟೆಗೆ ಹತ್ತದಂತೆ ನೋಡಿಕೊಳ್ಳುತ್ತಿದ್ದಳು. ತೂಗುವ ಹಡಗಿನಲ್ಲಿ ಅಷ್ಟು ಪುರಸೊತ್ತು ಎಲ್ಲಿ.

ಆರನೇ ದಿನ

ಕ್ಯಾಸ್ಕೇಡ್ಸ್ ಫ್ಯಾಕ್ಟರಿ. ಹಳೆಯ ಸಾರಾಯಿ ಭಟ್ಟಿಯೊಂದನ್ನು 1828ರಲ್ಲಿ ಹೆಂಗಸರ ಜೈಲು ಮಾಡಿದ್ದು, 1856ರ ತನಕ ನಡೆಯಿತು. 2010ರಿಂದ ವಿಶ್ವಪರಂಪರೆಯ ತಾಣ. ಜಾಗ ನೋಡಿದ ಕೂಡಲೇ ನನಗೆ ಸಿಟ್ಟು ಬಂತು. ಬೆನ್ನಿಗೆ ಮೌಂಟ್ ವೆಲ್ಲಿಂಗ್ಟನ್ ಬೆಟ್ಟ, ಪಕ್ಕಕ್ಕೆ ಹಳ್ಳ, ಕಣಿವೆಯ ತಗ್ಗು. ಮಧ್ಯಾಹ್ನ ಮೂರಕ್ಕೇ ಬಿಸಿಲು ಬೆಟ್ಟದಾಚೆ ಹೋಯಿತು. ದನ ಕಟ್ಟುವವರೂ ಇಂಥ ಥಂಡಿಯ ಜಾಗ ಆರಿಸುವುದಿಲ್ಲ. ಇಲ್ಲಿ ಬಾಣಂತಿಯರನ್ನೂ ಹಸುಗೂಸುಗಳನ್ನೂ ಇಟ್ಟರು.

ಮನೆಗೆಲಸಕ್ಕೆ ಹೋದಲ್ಲಿ ಗರ್ಭಿಣಿಯಾದರೆ ವಾಪಸು ಇಲ್ಲಿಗೆ. ಮಗು ಎದೆಹಾಲು ಬಿಟ್ಟ ಕೂಡಲೇ ಅದನ್ನು ತೆಗೆದುಕೊಂಡು ತಾಯಿಯನ್ನು ಶಿಕ್ಷೆಯ ದರ್ಜೆಗೆ ಹಾಕುತ್ತಿದ್ದರು. ಮಗುವಾದದ್ದೇ ಅಪರಾಧ. ಗಂಡಸಿನ ಹೆಸರು ಆ ಖಾತೆಯಲ್ಲಿ ಬರುತ್ತಿರಲಿಲ್ಲ. ನೂರಾರು ಕೂಸುಗಳು ಇಲ್ಲೇ ತೀರಿಕೊಂಡವು. ಬದುಕಿದವು ಮೂರರ ಹೊತ್ತಿಗೆ ಅನಾಥಾಲಯಕ್ಕೆ.

ಶಿಕ್ಷೆಯ ದರ್ಜೆಯವರ ಬಟ್ಟೆಯ ಮೇಲೆ, ಬೆನ್ನಿಗೆ, ತೋಳಿಗೆ, ಲಂಗಕ್ಕೆ ಹಳದಿಯ ದೊಡ್ಡ ಸಿ ಅಕ್ಷರ. ದಿನವಿಡೀ ಊರಿನ ಬಟ್ಟೆ ಒಗೆಯುವುದು. ಒಬ್ಬೊಬ್ಬರಿಗೂ ಒಂದೊಂದು ನಡತೆಯ ಖಾತೆ. ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಹಚ್ಚೆ, ಆಮೇಲೆ ತಾರೀಕು ಹಾಕಿ ಒಂದೊಂದೇ ತಪ್ಪು: ಎದುರುತ್ತರ, ಹೇಳದೆ ಹೊರಗೆ ಹೋದದ್ದು, ಕುಡಿದದ್ದು. ಪಕ್ಕದಲ್ಲಿ ಶಿಕ್ಷೆ: ರೊಟ್ಟಿ-ನೀರಿನ ಮೇಲೆ ಕತ್ತಲಕೋಣೆ, ಒಗೆಯುವ ತೊಟ್ಟಿ, ತಲೆಗೂದಲು ಕತ್ತರಿಸುವುದು. ಕೂದಲಿಗೆ ಕತ್ತರಿ ಹಾಕಲು ಬಂದಾಗಲೇ ಅವರು ಎಲ್ಲಕ್ಕಿಂತ ಹೆಚ್ಚು ಜಗಳಕ್ಕೆ ನಿಲ್ಲುತ್ತಿದ್ದರಂತೆ. ಎಷ್ಟು ಶಿಸ್ತಿನ ಬರಹ! ಒಂದೂ ಎಂಟ್ರಿ ಬಿಟ್ಟುಹೋಗಿಲ್ಲ. ಮೂವತ್ತೊಂಬತ್ತು ಶಿಲಿಂಗಿನ ಕರುಣೆ ಈ ಗುಮಾಸ್ತರಿಗೆ ಇರಲಿಲ್ಲ.

ಆದರೆ ಆ ಹೆಂಗಸರೂ ಸುಮ್ಮನಿರಲಿಲ್ಲ. ಫ್ಲ್ಯಾಶ್ ಮಾಬ್ ಎಂದು ಹೆಸರಾದ ಒಂದು ಗುಂಪಿತ್ತು. ಜೈಲಿನೊಳಗೇ ಕಿವಿಗೆ ಓಲೆ, ಕೊರಳಿಗೆ ರೇಷ್ಮೆ ಬಟ್ಟೆ ಹಾಕಿಕೊಂಡು ಮೆರೆದವರು. ನನಗೆ ಇವರ ಪರಿಚಯವಾಗಬೇಕಿತ್ತು.

ಅಂಗಳದಲ್ಲಿ ಗೋಡೆಗಳಷ್ಟೇ ಉಳಿದಿವೆ, ಕೋಣೆಗಳಿದ್ದ ಕಡೆ ನೆಲದಲ್ಲಿ ಗೆರೆ. ಒಂದು ಕತ್ತಲಕೋಣೆಯ ಅಳತೆಯ ಗೆರೆಯೊಳಗೆ ನಿಂತೆ. ನನ್ನ ಹಳೆಯ ಕ್ಯಾಶ್ ಕ್ಯಾಬಿನ್ನು ಇದಕ್ಕಿಂತ ದೊಡ್ಡದಿತ್ತು ಎಂದು ಹೇಳಲಾರೆ.

ಪರ್ಸಿನಲ್ಲಿ ಕೆಂಪು ನೋಟು ಇನ್ನೂ ಇತ್ತು. ಮೇರಿ ರೀಬಿ 1820ರಲ್ಲಿ ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ, ಹುಟ್ಟಿದೂರು ನೋಡಿ ಮರುವರ್ಷ ಸಿಡ್ನಿಗೆ ಮರಳಿದಳು. 1828ರ ಜನಗಣತಿಯಲ್ಲಿ ಹೇಗೆ ಬಂದಿರಿ ಎಂಬ ಕಾಲಮ್ಮಿಗೆ ಬರೆಸಿದ್ದು: ಸ್ವತಂತ್ರಳಾಗಿ, 1821ರಲ್ಲಿ. ಸುಳ್ಳಲ್ಲ. ಎರಡನೇ ಸಲ ಬಂದದ್ದು ಹಾಗೆಯೇ. ಮೊದಲ ಎಂಟ್ರಿ ಬಿಟ್ಟು ಎರಡನೆಯದನ್ನು ಬರೆದಳು, ಅಷ್ಟೇ. ಹಾಗೆ ಆಕೆ ಬಚ್ಚಿಟ್ಟುಕೊಂಡದ್ದನ್ನು ಹೇಳಿಯೇ ಈಗ ಎಲ್ಲರೂ ಆಕೆಯ ನೋಟು ತೋರಿಸುವುದು. ಗಳಿಸಿದವಳಿಗೆ ಎಲ್ಲ ಹೊಂದುತ್ತದೆ. ಈ ಅಂಗಳದಲ್ಲಿ ಬಟ್ಟೆ ಒಗೆದವರಿಗೆ ಎರಡನೇ ಹಡಗು ಇರಲಿಲ್ಲ.

ಕತ್ತಲಾಗುವ ಮೊದಲು ಹೊರಗೆ ಬಂದೆವು. ಹಳ್ಳದ ದಂಡೆಯಲ್ಲಿ ನಿಂತು ಮನೆಗೆ ವಿಡಿಯೋ ಕಾಲ್ ಮಾಡಿದರೆ ಮೊಮ್ಮಗಳು ಎದ್ದು ಕೂತಿದ್ದಳು, ಮೂಗು ಕೆಂಪು, ಕೌದಿ ಹೆಗಲಿಗೆ. ಅಪ್ಪ ಅವಳಿಗೆ ನೋಟಿನ ಕಥೆಯನ್ನು ಪೂರ್ತಿ ಹೇಳಿದ್ದನಂತೆ.

"ಅಜ್ಜಿ, ಆಮ್ಯಾಲೆ ಆ ಕುದುರಿ ಏನಾತು?"

ಮಗಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಆರು ದಿನದಲ್ಲಿ ಇಬ್ಬರಿಗೂ ಕುದುರೆಯ ನೆನಪೇ ಬಂದಿರಲಿಲ್ಲ.

"ತಡಿ, ನಾಳೆ ಬಂದು ಹೇಳ್ತೀನಿ" ಎಂದೆ.